ಬಿಸಿಲಿನ ಕಾರು, ಅದರೊಳಗೊಂದು ಕೋವಿ

ಮಾನ್ಯ ಸಂಪಾದಕರೇ,

ಬಸ್ ನಿಲ್ದಾಣದ ಹಿಂದೆ ನಿಲ್ಲಿಸಿದ್ದ ಕಾರಿನಲ್ಲಿ ಜೋಡಿನಳಿಗೆಯ ಕೋವಿ ಹಾಗೂ ತೋಟೆಗಳ (ಕಾಡತೂಸುಗಳ) ಪೆಟ್ಟಿಗೆ ಕಂಡುಬಂದ ವರದಿಯನ್ನು ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಆ ಕಾರಿಗೆ ಒತ್ತಿಕೊಂಡು ನಿಂತಿದ್ದ ಸ್ಕೂಟರ್ ನನ್ನದು. ಪೊಲೀಸರು ಸುತ್ತಲೂ ಹಗ್ಗ ಕಟ್ಟಿದ್ದರಿಂದ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರೂವರೆಯವರೆಗೆ ಸ್ಕೂಟರ್ ಹಗ್ಗದ ಒಳಗೂ ನಾನು ಹೊರಗೂ ಉಳಿಯಬೇಕಾಯಿತು. ಅಷ್ಟರಲ್ಲಿ ನಾನು ಹೋಗಬೇಕಿದ್ದ ಸಹಕಾರಿ ಸೊಸೈಟಿಯ ಬಾಗಿಲು ಹಾಕಿತ್ತು. ಸ್ಕೂಟರಿನ ಕೊಕ್ಕೆಗೆ ತೂಗುಹಾಕಿದ್ದ ಒಂದು ಕಿಲೋ ಬೂತಾಯಿ ಮೀನನ್ನು ಮನೆಗೆ ತಂದಾಗ ನಮ್ಮ ಬೆಕ್ಕು ಕೂಡ ಮೂಸಿ ನೋಡಿ ಹಿಂದೆ ಸರಿಯಿತು.

ವರದಿಯಲ್ಲಿ 'ಸ್ಫೋಟದ ಭೀತಿ' ಎಂದಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ನನಗೆ ತಿಳಿದಂತೆ, ತೋಟೆಯೊಳಗಿನ ಮದ್ದು ತಾನಾಗಿ ಹತ್ತಿಕೊಳ್ಳಬೇಕಾದರೆ ಶಾಖವು 150 ಡಿಗ್ರಿ ಸೆಲ್ಸಿಯಸ್ ದಾಟಬೇಕು; ಹೊರಗೆ 35 ಡಿಗ್ರಿ ಇರುವಾಗ ಗಾಜು ಏರಿಸಿದ ಕಾರಿನೊಳಗೆ ಐವತ್ತು ದಾಟೀತು, ಅಷ್ಟೆ. ಆದರೆ ದಿನವೂ ಹೀಗೆ ಕಾದು ತಣಿಯುವ ತೋಟೆಯ ಮದ್ದು ಕೆಡುತ್ತಾ ಹೋಗುತ್ತದೆ, ಹಂದಿ ಎದುರು ಬಂದಾಗ ಅದು ಠುಸ್ ಎನ್ನಬಹುದು; ಕಾದ ತೋಟೆಯನ್ನು ಹಾಗೆಯೇ ತುಂಬಿ ಹಾರಿಸಿದರೆ ನಳಿಗೆಯೊಳಗಿನ ಒತ್ತಡ ಹೆಚ್ಚುತ್ತದೆ, ಅಜ್ಜನ ಕಾಲದ ಕೋವಿಗಳಿಗೆ ಅದು ಒಳ್ಳೆಯದಲ್ಲ. ಇದೆಲ್ಲಕ್ಕಿಂತ ಮುಖ್ಯವಾಗಿ, ಒಂದು ಕಲ್ಲಿನಿಂದ ಗಾಜು ಒಡೆದರೆ ಕೋವಿ ಯಾರ ಕೈಗೂ ಸಿಗುತ್ತದೆ. ಹೋಟೆಲಿನಲ್ಲಿ ನೆಮ್ಮದಿಯಾಗಿ ಊಟ ಮುಗಿಸಿ, ಬೀಡಾ ಜಗಿಯುತ್ತಾ ಬಂದ ಆ ಕಾರಿನ ಮಹನೀಯರಿಗೆ ಇದು ಹೊಳೆಯಲೇ ಇಲ್ಲ.

ಅವರಿಗೆ ಬುದ್ಧಿ ಹೇಳಿದ ಪೊಲೀಸ್ ಅಧಿಕಾರಿಗಳಾದರೂ ಎಂಥವರು? 2024ರ ಲೋಕಸಭಾ ಚುನಾವಣೆಗೆ ಮೊದಲು ಠಾಣೆಯಲ್ಲಿ ಕೋವಿ ಠೇವಣಿ ಇಡಲು ಹೋದಾಗ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಅಲ್ಲಿಯವರೆಗೆ ಕೋವಿ ಕಾರಿನಲ್ಲೇ ಇರಲಿ ಎಂದು ನನಗೆ ಹೇಳಿದ್ದು ಇದೇ ಇಲಾಖೆಯವರು. ಒಂದೂವರೆ ಗಂಟೆ ನಾನು ಬಿಸಿಲಿನಲ್ಲಿ ಕಾರಿಗೆ ಕಾವಲು ನಿಂತೆ. ಬಳಿಕ ಆ ಕೋವಿ ತಗಡಿನ ಮಾಡಿನ ಕೋಣೆ ಸೇರಿತು. ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ ಮುಗಿದರೂ ಅದು ಕೈಗೆ ಬಂದದ್ದು ಜೂನ್‌ನಲ್ಲಿ, ಗುಂಡು ಹಾರಿಸುವ ಕುದುರೆಯ ಬಳಿ ತುಕ್ಕಿನ ಕಲೆಯೊಂದಿಗೆ. ಅಷ್ಟರಲ್ಲಿ ಮಂಗಗಳು ಎಳನೀರನ್ನೂ ಹಂದಿಗಳು ಬಾಳೆಯನ್ನೂ ಮುಗಿಸಿದ್ದವು. ಪರವಾನಗಿ ನವೀಕರಣದ ವೇಳೆ ಜೆರಾಕ್ಸ್ ಪ್ರತಿಗಳನ್ನು ಮೂರು ಸಲ ಎಣಿಸಿದವರು, ತೋಟೆಗಳನ್ನು ಎಲ್ಲಿ ಇಡುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ.

ಆದುದರಿಂದ ಕಾರಿನಲ್ಲಿ ಕೋವಿ ಬಿಟ್ಟು ತಿರುಗುವವರ ಪರವಾನಗಿಯನ್ನು ರದ್ದು ಮಾಡಲಿ; ಇಲ್ಲವೇ ಠಾಣೆಗಳಲ್ಲಿ ಮೊದಲು ತಂಪಾದ ಕೋಣೆಯೊಂದನ್ನು ಕಟ್ಟಿಸಲಿ. ಎರಡೂ ಆಗದಿದ್ದರೆ, ಮುಂದಿನ ಸಲ ಹಗ್ಗ ಕಟ್ಟುವ ಮೊದಲು ಒಳಗೆ ಯಾರ ಸ್ಕೂಟರ್ ಇದೆ ಎಂದಾದರೂ ವಿಚಾರಿಸಲಿ.

– ಒಬ್ಬ ಅಡಿಕೆ ಕೃಷಿಕ, ದಕ್ಷಿಣ ಕನ್ನಡ