ಶಕುನಿಯ ಬಣ್ಣ ಮತ್ತೆ ಹಚ್ಚಿಸಿದವರಿಗೆ

ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಕಳೆದ ವಾರ ನಡೆದ ‘ಕುರುಕ್ಷೇತ್ರ’ ಪೌರಾಣಿಕ ನಾಟಕದಲ್ಲಿ ಶಕುನಿಯ ಪಾತ್ರವನ್ನು ನಾನು ಕೊನೆಯ ದೃಶ್ಯದವರೆಗೆ ನಿರ್ವಹಿಸಲು ನೆರವಾದವರಿಗೆಲ್ಲ ಈ ಮೂಲಕ ಬಹಿರಂಗವಾಗಿ ವಂದನೆ ಸಲ್ಲಿಸುತ್ತಿದ್ದೇನೆ. ಎರಡೂ ಕಿವಿಗಳ ಶ್ರವಣಶಕ್ತಿ ಬಹುಪಾಲು ಹೋದ ಮೇಲೆ ನಾನು ರಂಗದಿಂದ ದೂರ ಉಳಿದಿದ್ದೆ. ಆಗ ಒಂದು ತಂಡದವರು ನನ್ನ ಪಾತ್ರವನ್ನು ನಯವಾಗಿಯೇ ಬೇರೊಬ್ಬರಿಗೆ ವಹಿಸಿದರು. ಶ್ರುತಿ ಕೇಳಿಸದವನಿಗೆ ಕಂದಪದ್ಯ ಒಪ್ಪಿಸಲು ಯಾರಿಗಾದರೂ ಅಳುಕಾಗುವುದು ಸಹಜವಾದ್ದರಿಂದ ಅವರ ಮೇಲೆ ನನಗೆ ಮುನಿಸಿಲ್ಲ.

ಮೊದಲ ವಂದನೆ ನಮ್ಮದೇ ಜಿಲ್ಲೆಯ ಅರಸೀಕೆರೆಯಲ್ಲಿ ಹುಟ್ಟಿದ ಟಿ. ಎನ್. ಬಾಲಕೃಷ್ಣ ಅವರ ನೆನಪಿಗೆ. ಅರಸೀಕೆರೆ ಎಂದೊಡನೆ ರೈಲ್ವೆ ಜಂಕ್ಷನ್ನನ್ನೂ ತೆಂಗನ್ನೂ ಹೇಳುವ ನಾವು ಬಾಲಣ್ಣನನ್ನು ಹೇಳುವುದು ಕಡಿಮೆ. ಮನೆಯ ಬಡತನದ ದೆಸೆಯಿಂದ ಎಳವೆಯಲ್ಲೇ ಬೇರೆ ಮನೆಯ ಪಾಲಾಗಿ, ಕಿವಿ ಸರಿಯಾಗಿ ಕೇಳಿಸದ ಸ್ಥಿತಿಯಲ್ಲೇ ನಾಟಕದ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದ ಮೂಲಕ ಚಿತ್ರರಂಗಕ್ಕೆ ಬಂದವರು ಅವರು. ಕನ್ನಡ ಚಿತ್ರಗಳಲ್ಲಿ ಕೆಲಸವೇ ವಿರಳವಾಗಿದ್ದ ಐವತ್ತರ ದಶಕದಲ್ಲಿ ರಾಜ್‌ಕುಮಾರ್, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಅವರ ಜೊತೆಗೂಡಿ ಊರೂರಿನಲ್ಲಿ ನಾಟಕವಾಡಿದರು. ಆ ನಾಲ್ವರ ಒಡನಾಟದ ಫಲವಾಗಿಯೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಬಂದಿತು. ಮುಂದೆ ಅಭಿಮಾನ್ ಸ್ಟುಡಿಯೋ ಕಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಹಿಂದಿನ ಬಾಲಣ್ಣ, ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ ಬಾಲಣ್ಣ. ಅವರ ಹಳೆಯ ಚಿತ್ರಗಳನ್ನು ಈಗ ಮತ್ತೆ ನೋಡಿದರೆ, ಕಪಟಿಯ ಪಾತ್ರಗಳಲ್ಲಿ ಅವರು ಉತ್ತರಕ್ಕೆ ಮುಂಚೆ ಎದುರಾಳಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸುವುದು ಕಾಣುತ್ತದೆ. ಜನ ಅವರನ್ನು ಹಾಸ್ಯನಟರೆಂದೇ ನೆನೆಯುತ್ತಾರೆ. ನನ್ನ ಮಟ್ಟಿಗೆ ಅವರ ಕಪಟವೇ ಹೆಚ್ಚಿನದು, ಮತ್ತು ನನ್ನ ಶಕುನಿಗೆ ಆ ದಿಟ್ಟಿಯನ್ನು ನಾನು ಸಂಕೋಚವಿಲ್ಲದೆ ಕಡ ತಂದಿದ್ದೇನೆ.

ಆದರೆ ತುಟಿ ಕಾಣದಿದ್ದರೆ ಓದುವುದು ಹೇಗೆ? ಪೌರಾಣಿಕ ನಾಟಕದಲ್ಲಿ ಎಲ್ಲರೂ ಪ್ರೇಕ್ಷಕರಿಗೆ ಮುಖ ಕೊಟ್ಟು, ಮೈಕಿನತ್ತ ವಾಲಿ ಮಾತನಾಡುವುದು ರೂಢಿ. ನಮ್ಮ ದುರ್ಯೋಧನ ಪಾತ್ರಧಾರಿ ಆ ರೂಢಿಯನ್ನು ಬಿಟ್ಟು, ಪ್ರತಿ ಸಂಭಾಷಣೆಯ ಕೊನೆಯ ಸಾಲಿಗೆ ನನ್ನ ಕಡೆ ತಿರುಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ಉಪಕಾರವೆಂದರೆ, ಚಪ್ಪಾಳೆಯ ಆಸೆಗೆ ಸ್ಥಳದಲ್ಲೇ ಮಾತು ಬೆಳೆಸುವ ತಮ್ಮ ಅಭ್ಯಾಸವನ್ನು ಅವರು ನನ್ನ ದೃಶ್ಯಗಳಲ್ಲಿ ಸಂಪೂರ್ಣ ಬಿಟ್ಟುಕೊಟ್ಟದ್ದು. ನಟನಾದವನಿಗೆ ಅದೆಷ್ಟು ಕಷ್ಟವೆಂಬುದು ಬಣ್ಣ ಹಚ್ಚಿದವರಿಗೆ ಮಾತ್ರ ಗೊತ್ತು.

ಹಾರ್ಮೋನಿಯಂ ಮೇಷ್ಟ್ರಿಗೆ ನಾನು ವಿಶೇಷ ಋಣಿ. ಅವರು ತಮ್ಮ ಪೆಟ್ಟಿಗೆಯನ್ನು ನನ್ನ ಕಣ್ಣಳತೆಗೆ ಸರಿಸಿಕೊಂಡು, ಪದ್ಯದ ಎತ್ತುಗಡೆಯನ್ನು ತಲೆಯಾಡಿಸಿ ತೋರಿಸಿದರು. ತಬಲಾದವರು ತಾಳದ ಪೆಟ್ಟು ನನಗೆ ಕಾಣುವಂತೆ ಕೈ ಎತ್ತಿ ನುಡಿಸಿದರು. ಶ್ರುತಿ ಅತ್ತಿತ್ತ ಹೋಗುವ ಪದ್ಯಗಳನ್ನು ಮೇಷ್ಟ್ರೇ ಕಡಿಮೆ ಮಾಡಿ, ಅವುಗಳ ಜಾಗಕ್ಕೆ ಗದ್ಯ ಬರೆದುಕೊಟ್ಟರು. ಶಕುನಿಗೆ ಹಾಡಿಗಿಂತ ಮಾತೇ ಒಪ್ಪುತ್ತದೆ ಎಂದು ಅವರು ಹೇಳಿದ್ದು ಸಮಾಧಾನಕ್ಕೋ ನಿಜಕ್ಕೋ ತಿಳಿಯದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರು ಶ್ರವಣಯಂತ್ರದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಧ್ವನಿವರ್ಧಕದ ಅಬ್ಬರದ ನಡುವೆ ಯಂತ್ರವು ಮಾತಿನ ಜೊತೆಗೆ ಗದ್ದಲವನ್ನೂ ಹೆಚ್ಚಿಸುವುದರಿಂದ, ರಂಗದ ಮೇಲೆ ಕಣ್ಣನ್ನೇ ಹೆಚ್ಚು ನಂಬಬೇಕೆಂಬುದು ಅಲ್ಲಿಂದ ಬಂದ ಮೇಲೆ ನನಗೆ ಖಚಿತವಾಯಿತು. ಮನೆಯಲ್ಲಿ ಪ್ರತಿ ಸಂಜೆ ಎದುರು ಪಾತ್ರಗಳ ಮಾತನ್ನೆಲ್ಲ ಓದಿ, ನನ್ನ ಮಾತಿನ ಜೊತೆಗೆ ಅವನ್ನೂ ಬಾಯಿಪಾಠ ಮಾಡಿಸಿದ ನನ್ನ ಹೆಂಡತಿಗೆ ಇಡೀ ನಾಟಕ ಈಗ ಕಂಠಪಾಠವಾಗಿದೆ.

ಮುಂದಿನ ಪ್ರದರ್ಶನದ ತಾಲೀಮು ಶೀಘ್ರದಲ್ಲೇ ಆರಂಭವಾಗಲಿದೆ. ಕಿವಿ ಮಂದವಾಯಿತೆಂದು ಮನೆಯಲ್ಲಿ ಉಳಿದ ಹವ್ಯಾಸಿ ಕಲಾವಿದರು ಹಾಸನದ ಸುತ್ತಮುತ್ತ ಇದ್ದರೆ ದಯವಿಟ್ಟು ತಾಲೀಮಿಗೆ ಬನ್ನಿ. ದ್ರೋಣ ಮತ್ತು ವಿದುರನ ಪಾತ್ರಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲವೆಂದು ಮೇಷ್ಟ್ರು ತಿಳಿಸಿದ್ದಾರೆ.