ಕನ್ನಡದಲ್ಲಿ ನೆನಪಿಸುವ ಆ್ಯಪ್ ಬೇಕು

ಮಾನ್ಯರೇ,

ಅಸ್ತಮಾ ಇರುವ ಹಲವರು ಎಡವುವುದು ಉಬ್ಬಸ ಇಲ್ಲದ ದಿನಗಳಲ್ಲೇ. ಉಸಿರಾಟ ಸರಾಗವಾಗಿದೆಯೆಂದು ದಿನವೂ ತೆಗೆದುಕೊಳ್ಳಬೇಕಾದ ಸ್ಟೀರಾಯ್ಡ್ ಇನ್‌ಹೇಲರ್ ಬಿಟ್ಟುಬಿಡುತ್ತಾರೆ. ನಡುರಾತ್ರಿ ಎದೆ ಬಿಗಿದಾಗ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡಬೇಕು. ನಮ್ಮ ತಾಯಿಯವರದೂ ಇದೇ ಪಾಡಾಗಿತ್ತು. ಮೆಡಿಸೇಫ್ ಎಂಬ ಆ್ಯಪ್ ಅನ್ನು ಉಚಿತವಾಗಿ ಹಾಕಿಕೊಟ್ಟ ಮೇಲೆ ಬೆಳಿಗ್ಗೆ, ರಾತ್ರಿ ಎಂಟಕ್ಕೆ ಫೋನ್ ಸದ್ದು ಮಾಡುತ್ತದೆ. ಅವರು ಇನ್‌ಹೇಲರ್‌ಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಔಷಧ ಎಳೆದುಕೊಂಡು, ಬಾಯಿ ಮುಕ್ಕಳಿಸಿ, ‘ತೆಗೆದುಕೊಂಡೆ’ ಎಂದು ಗುರುತು ಹಾಕುತ್ತಾರೆ. ಡೋಸ್ ಮಾತ್ರ ವೈದ್ಯರು ಹೇಳಿದ್ದೇ. ಆ್ಯಪ್ ನೋಡಿಕೊಂಡು ಯಾರೂ ಅದನ್ನು ಹೆಚ್ಚುಕಡಿಮೆ ಮಾಡಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಊರಿನ ಗಾಳಿಯ ಗುಣಮಟ್ಟ ನೋಡಿಕೊಂಡು ವಾಕಿಂಗ್‌ಗೆ ಹೊರಡುವುದೂ ಒಳ್ಳೆಯದು.

ಆದರೆ ಇಂಗ್ಲಿಷ್ ಬಾರದ ಹಿರಿಯರು ಏನು ಮಾಡಬೇಕು? ಮಗನೋ ಮೊಮ್ಮಗಳೋ ಪಕ್ಕದಲ್ಲಿರಬೇಕು. ಓದಲು ಬಾರದವರಿಗೂ ಕನ್ನಡದಲ್ಲಿ ಮಾತನಾಡಿ ನೆನಪಿಸುವ, ರೋಗಿಯ ಮಾಹಿತಿಯನ್ನು ಯಾರಿಗೂ ಮಾರಿಕೊಳ್ಳದ ಉಚಿತ ಆ್ಯಪ್ ಒಂದನ್ನು ರಾಜ್ಯ ಆರೋಗ್ಯ ಇಲಾಖೆ ರೂಪಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್‌ಹೇಲರ್ ಕೊಡುವಾಗಲೇ ಅದನ್ನು ರೋಗಿಯ ಫೋನಿಗೆ ಹಾಕಿ, ಬಳಸುವುದನ್ನು ತೋರಿಸಿಕೊಡುವ ವ್ಯವಸ್ಥೆ ಆಗಲಿ.

– ಒಬ್ಬ ಓದುಗ, ತುಮಕೂರು