ನವೆಂಬರ್ 25: ಸಂಜೆ ಅಜ್ಜರಕಾಡಿಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಮಹಿಳೆಯರ ಮೇಲಿನ ದೌರ್ಜನ್ಯ ವಿರೋಧಿ ದಿನ, ನವೆಂಬರ್ 25ರಂದು ಸಂಜೆ 5ಕ್ಕೆ ಉಡುಪಿ ಅಜ್ಜರಕಾಡಿನ ಭುಜಂಗ ಪಾರ್ಕ್ ಹತ್ತಿರ ಸೇರುವ. ಭಾಷಣ ಇಲ್ಲ ಮಾರಾಯ್ರೆ, ಹೆದರಬೇಡಿ! ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದೊಳಗೆ ನಮ್ಮ ವಾರ್ಡುಗಳಲ್ಲಿ ಚೀಟಿ ಅಂಟಿಸಿ ಮುಗಿಸಬೇಕು.

ಚೀಟಿಯಲ್ಲಿ ಮೂರೇ ನಂಬರ್: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವು 15100. ಕೆಳಗೆ ಒಂದು ಸಾಲು: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹೊಡೆತ ಮಾತ್ರವಲ್ಲ, ಬೈದು ಅವಮಾನಿಸುವುದು, ಮನೆಖರ್ಚಿಗೆ ಕೊಡದೆ ಸತಾಯಿಸುವುದೂ ದೌರ್ಜನ್ಯವೇ.

ಒಪ್ಪಿಗೆ ಕೇಳಿ, ಹೆಂಗಸರ ಟಾಯ್ಲೆಟ್ ಬಾಗಿಲಿನ ಒಳಬದಿಗೇ ಅಂಟಿಸಿ. ಗಂಡ, ಅತ್ತೆ ಯಾರೂ ಇಣುಕದೆ ಓದಬಹುದಾದ ಜಾಗ ಅದೊಂದೇ. ಕಳೆದ ಸಲ ಮೈದಾ ಅಂಟು ಮಳೆಗೆ ಕರಗಿತ್ತು, ಟೇಪ್ ತನ್ನಿ.

ಯಾರ ಮನೆಯ ಕಥೆಯನ್ನೂ ಗ್ರೂಪಿನಲ್ಲಿ ಹಾಕಬೇಡಿ. ಬರುವವರು 23ರೊಳಗೆ ಹೆಸರು, ವಾರ್ಡ್ ತಿಳಿಸಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.